ಬೆಲ್ಟಿಂಗ್ ಗಾಯನವನ್ನು ಕೇಳುವ ಬಗೆ: ರೋಸ್ ಪಾತ್ರದ ಆರು ಕಂಠಗಳು

ನ್ಯೂಯಾರ್ಕಿನ ವೃತ್ತಿ ರಂಗಭೂಮಿಯಾದ ಬ್ರಾಡ್‌ವೇಯ ಸಂಗೀತನಾಟಕಗಳ ಬೆಲ್ಟಿಂಗ್ ಗಾಯನ ಹೊಸಬರಿಗೆ ಬರಿಯ ಕೂಗಿನಂತೆ ಕೇಳಿಸುವುದುಂಟು. ಕಿವಿ ಪಳಗಬೇಕಾದರೆ ಹೆಸರಾದ ಹಾಡುಗಳನ್ನೆಲ್ಲ ಒಂದಾದ ಮೇಲೊಂದು ಕೇಳುವುದಕ್ಕಿಂತ, ಒಂದೇ ಪಾತ್ರವನ್ನು ಬೇರೆ ಬೇರೆ ಕಾಲದ ನಟಿಯರು ಹೇಗೆ ಹಾಡಿದ್ದಾರೆಂದು ಹೋಲಿಸಿ ಕೇಳುವುದು ಮೇಲು. ಇದಕ್ಕೆ ‘ಜಿಪ್ಸಿ’ ನಾಟಕದ ರೋಸ್‌ಗಿಂತ ಒಳ್ಳೆಯ ಪಾತ್ರ ನನಗೆ ತೋಚುವುದಿಲ್ಲ. ಜೂಲ್ ಸ್ಟೈನ್ ಸಂಗೀತ, ಸ್ಟೀಫನ್ ಸಾಂಡ್‌ಹೈಮ್ ಸಾಹಿತ್ಯದೊಂದಿಗೆ 1959ರಲ್ಲಿ ರಂಗಕ್ಕೆ ಬಂದ ಈ ನಾಟಕ, ಮಕ್ಕಳನ್ನು ತಾರೆಯರನ್ನಾಗಿ ಮಾಡಿಯೇ ತೀರುವೆನೆಂದು ಹಟ ತೊಟ್ಟ ತಾಯಿಯೊಬ್ಬಳ ಕಥೆ. ಅದರ ಪ್ರಮುಖ ಪ್ರಯೋಗಗಳ ಧ್ವನಿಮುದ್ರಣಗಳು ಇಂದು ಸುಲಭವಾಗಿ ಸಿಗುತ್ತವೆ.

ಮೊದಲು ದನಿಯ ಹುಟ್ಟನ್ನು ತಿಳಿದುಕೊಳ್ಳಬೇಕು. ಮಾತಿನಲ್ಲಿ ಬಳಸುವ ಎದೆಯ ದನಿಯನ್ನೇ, ಸಾಮಾನ್ಯವಾಗಿ ಹೆಂಗಸರು ತೆಳುವಾದ, ಹಗುರವಾದ ತಲೆಯ ದನಿಗೆ ಜಾರುವ ಎತ್ತರವನ್ನೂ ದಾಟಿಸಿ ಮೇಲಕ್ಕೆ ಒಯ್ಯುವುದು ಬೆಲ್ಟಿಂಗ್. ಇಲ್ಲಿ ಧ್ವನಿತಂತುಗಳು ದಪ್ಪವಾಗಿಯೇ ಉಳಿದು ಪ್ರತಿ ಕಂಪನದಲ್ಲೂ ಹೆಚ್ಚು ಹೊತ್ತು ಮುಚ್ಚಿಕೊಂಡಿರುತ್ತವೆ, ಧ್ವನಿಪೆಟ್ಟಿಗೆ ತುಸು ಮೇಲೇರುತ್ತದೆ, ಬಾಯಿ ಅಗಲವಾಗಿ ತೆರೆಯುತ್ತದೆ. ಒಪೆರಾ ಗಾಯಕಿ ಧ್ವನಿಪೆಟ್ಟಿಗೆಯನ್ನು ಕೆಳಗಿಳಿಸಿ ಸ್ವರಾಕ್ಷರಗಳನ್ನು ದುಂಡಗೆ ಮಾಡಿದರೆ, ಬೆಲ್ಟಿಂಗ್ ಗಾಯಕಿ ಅವನ್ನು ಮಾತಿನಲ್ಲಿರುವಂತೆ ಚಪ್ಪಟೆಯಾಗಿ, ತೆರೆದೇ ಇಡುತ್ತಾಳೆ. ಆದ್ದರಿಂದ ಆ ಗಟ್ಟಿತನ ಉಸಿರಿನ ನೂಕಿನಿಂದಷ್ಟೇ ಬಂದುದಲ್ಲ. ಬಾಯಿ ಮತ್ತು ಗಂಟಲಿನ ಆಕಾರವು ಸ್ವರದ ಎರಡನೆಯ ಹಾರ್ಮೋನಿಕ್ ಅನ್ನು (ಮೂಲಸ್ವರದ ಜೊತೆಗೇ ಹುಟ್ಟುವ, ಅದರ ಎರಡರಷ್ಟು ಕಂಪನದ ಉಪಸ್ವರವನ್ನು) ಎತ್ತಿಕೊಡುವುದೂ ಅದಕ್ಕೆ ಕಾರಣ. ಕೇಳುವಾಗ ದನಿಯ ಪ್ರಮಾಣವನ್ನು ಮರೆತು, ಎತ್ತರದ ಸ್ವರದಲ್ಲಿಯೂ ಪದ ಮಾತಿನಷ್ಟೇ ಸ್ಪಷ್ಟವಾಗಿದೆಯೇ ಎಂಬುದನ್ನು ಗಮನಿಸಿ.

ಈಗ ಮೊದಲಂಕದ ಕೊನೆಯ ‘ಎವೆರಿಥಿಂಗ್ಸ್ ಕಮಿಂಗ್ ಅಪ್ ರೋಸಸ್’ ಮತ್ತು ನಾಟಕದ ಕೊನೆಯ ‘ರೋಸಸ್ ಟರ್ನ್’ ಹಾಡುಗಳನ್ನು ಆರಿಸಿಕೊಂಡು, 1959ರಲ್ಲಿ ಮೊದಲ ರೋಸ್ ಆಗಿದ್ದ ಎಥೆಲ್ ಮರ್ಮನ್‌ರಿಂದ ಆರಂಭಿಸಿ. ಶೀಘ್ರಲಿಪಿಗಾರ್ತಿಯಾಗಿದ್ದ ಈಕೆ ಸಂಗೀತಶಿಕ್ಷಣವಿಲ್ಲದೆಯೇ 1930ರ ಅಕ್ಟೋಬರ್‌ನಲ್ಲಿ ಜಾರ್ಜ್ ಗರ್ಶ್ವಿನ್‌ರ ‘ಗರ್ಲ್ ಕ್ರೇಜಿ’ಯ ಮೂಲಕ ಬ್ರಾಡ್‌ವೇ ಪ್ರವೇಶಿಸಿ, ವಾದ್ಯವೃಂದ ಕೆಳಗೆ ರಾಗ ನುಡಿಸುತ್ತಿರಲು ತಾವು ಒಂದೇ ಸ್ವರವನ್ನು ಉದ್ದಕ್ಕೂ ಹಿಡಿದು ನಿಂತು ಒಂದೇ ರಾತ್ರಿಯಲ್ಲಿ ಹೆಸರಾದರು. ಮೈಕ್ ಇಲ್ಲದ ಆ ರಂಗದಲ್ಲಿ ಪದವು ಬಾಲ್ಕನಿಯ ಕೊನೆಯ ಸಾಲಿಗೆ ಮುಟ್ಟಲೇಬೇಕಿತ್ತು. ನಮ್ಮ ವೃತ್ತಿ ರಂಗಭೂಮಿಯ ಹಳೆಯ ನಟರು ಕಾಲು ಹಾರ್ಮೋನಿಯಂ ಜೊತೆಗೆ ಏರುಶ್ರುತಿಯಲ್ಲಿ ಹಾಡುತ್ತಿದ್ದುದರ ಹಿಂದೆಯೂ ಇದೇ ಅಗತ್ಯವಿತ್ತೆಂಬುದು ಇಲ್ಲಿ ನೆನಪಾಗುತ್ತದೆ. ಮರ್ಮನ್‌ರ ದನಿ ಕಹಳೆಯಂತೆ ನೇರ. ವ್ಯಂಜನಗಳು ಕತ್ತರಿಸಿಟ್ಟಷ್ಟು ಸ್ಪಷ್ಟ. ಆದರೆ ರೋಸ್‌ಳ ಒಳಗಿನ ಬಿರುಕು ಅಲ್ಲಿ ಅಷ್ಟಾಗಿ ಕಾಣಿಸದು ಎಂಬುದು ನನ್ನ ಅಭಿಪ್ರಾಯ.

ಆ ಬಿರುಕಿಗಾಗಿ ಏಂಜೆಲಾ ಲ್ಯಾನ್ಸ್‌ಬರಿ ಅವರ 1973ರ ಲಂಡನ್ ಮುದ್ರಣವನ್ನೂ, ಟೈನ್ ಡೇಲಿ ಅವರ 1989ರ ಪ್ರಯೋಗದ ಮುದ್ರಣವನ್ನೂ ಕೇಳಬೇಕು. ಇಬ್ಬರೂ ಮೊದಲು ನಟಿಯರು, ಆಮೇಲೆ ಗಾಯಕಿಯರು; ಡೇಲಿ ಅವರ ದನಿ ಒರಟಾದಷ್ಟೂ ಪಾತ್ರ ನಿಜವಾಗುತ್ತದೆ. 2003ರ ಬರ್ನಡೆಟ್ ಪೀಟರ್ಸ್ ಅವರದು ಇನ್ನೂ ತೆಳುವಾದ, ಉಸಿರು ಬೆರೆತ ದನಿ.

2008ರ ಪ್ಯಾಟಿ ಲುಪೋನ್ ಅವರ ಮುದ್ರಣಕ್ಕೆ ಹೆಚ್ಚು ಹೊತ್ತು ಕೊಡಿ. 1979ರ ‘ಎವಿಟಾ’ದಿಂದ ಹೆಸರಾಗಿದ್ದ ಅವರು ಅಷ್ಟು ಹೊತ್ತಿಗೆ ಅರವತ್ತರ ಹತ್ತಿರವಿದ್ದರು. ಮರ್ಮನ್ ಅಕ್ಷರವನ್ನು ಬಡಿಯುವ ಕಡೆಯಲ್ಲಿ ಲುಪೋನ್ ಅದನ್ನು ಎಳೆಯುತ್ತಾರೆ, ಸ್ವರಾಕ್ಷರವನ್ನು ಅಗಲಿಸಿ ಬಾಗಿಸುತ್ತಾರೆ, ಕೆಲವೊಮ್ಮೆ ವ್ಯಂಜನವನ್ನು ನುಂಗಿಯೂಬಿಡುತ್ತಾರೆ. ‘ರೋಸಸ್ ಟರ್ನ್’ ಹಾಡಿನಲ್ಲಿ ರೋಸ್ ‘ಮಾಮಾ’ (ಅಮ್ಮ) ಎಂಬ ಪದದ ಮೇಲೆ ತಡವರಿಸುವ ಭಾಗವನ್ನು ಇಬ್ಬರ ಮುದ್ರಣಗಳಲ್ಲೂ ಬೆನ್ನುಬೆನ್ನಿಗೆ ಹಾಕಿ ಕೇಳಿದರೆ, ದನಿಯ ಬಲವೂ ಅಭಿನಯದ ಬಲವೂ ಎಲ್ಲಿ ಬೇರೆಯಾಗುತ್ತವೆ, ಎಲ್ಲಿ ಒಂದಾಗುತ್ತವೆ ಎಂಬುದು ಸ್ಪಷ್ಟವಾಗುತ್ತದೆ.

ಕೊನೆಗೆ 2024ರ ಆಡ್ರಾ ಮ್ಯಾಕ್‌ಡೊನಾಲ್ಡ್. ಜೂಲಿಯಾರ್ಡ್‌ನಲ್ಲಿ ಪಾಶ್ಚಾತ್ಯ ಶಾಸ್ತ್ರೀಯ ಗಾಯನ ಕಲಿತ ಈ ಸೊಪ್ರಾನೊ (ಅತಿ ಎತ್ತರದ ಹೆಣ್ಣುದನಿಯ ಗಾಯಕಿ), ಇತರರು ಬೆಲ್ಟ್ ಮಾಡುವ ಕೆಲವು ಕಡೆ ತಲೆಯ ದನಿಗೆ ದಾಟುತ್ತಾರೆ. ಇದನ್ನು ಎಲ್ಲರೂ ಒಪ್ಪಲಿಲ್ಲ. ಆ ದಾಟನ್ನು ಗುರುತಿಸಲು ಬಂದರೆ ನಿಮ್ಮ ಕಿವಿ ಪಳಗಿದೆಯೆಂದೇ ಅರ್ಥ. ನಟಿಗೆ ಒಗ್ಗುವಂತೆ ಶ್ರುತಿ ಬದಲಿಸುವುದು ಸಂಗೀತನಾಟಕಗಳಲ್ಲಿ ವಾಡಿಕೆಯಾದ್ದರಿಂದ, ತಂಬೂರಿ ಆ್ಯಪ್ ಇಟ್ಟುಕೊಂಡು ಪ್ರತಿ ಮುದ್ರಣದ ಆಧಾರಸ್ವರವನ್ನು ಹುಡುಕಿಕೊಳ್ಳಿ. ಇಲ್ಲದಿದ್ದರೆ ಹೋಲಿಕೆ ತಪ್ಪು ದಾರಿ ಹಿಡಿಯುತ್ತದೆ.

ಇಷ್ಟಾದ ಮೇಲೆ 1981ರ ‘ಡ್ರೀಮ್‌ಗರ್ಲ್ಸ್’ನ ಜೆನಿಫರ್ ಹಾಲಿಡೇ, 2003ರ ‘ವಿಕೆಡ್’ನ ಇಡೀನಾ ಮೆಂಜೆಲ್ ಅವರ ಕಡೆಗೆ ಬರಬಹುದು. ಇಬ್ಬರ ಪ್ರಸಿದ್ಧ ಹಾಡುಗಳೂ ಮಧ್ಯಂತರಕ್ಕೆ ಸ್ವಲ್ಪ ಮುಂಚೆಯೇ ಬರುತ್ತವೆ. ಹಾಲಿಡೇ ಅವರಲ್ಲಿ ಚರ್ಚಿನ ಗಾಸ್ಪೆಲ್ ಗಾಯನದ ಬಿರುಸಿದೆ. ಮೆಂಜೆಲ್ ಅವರ ಹಾಡು ಮರ್ಮನ್ ಕಾಲದ ಮಿತಿಯನ್ನು ಮೀರಿ ಪಾಶ್ಚಾತ್ಯ ಸ್ವರಕ್ರಮದ ಮೇಲಿನ ಎಫ್ ಸ್ವರದವರೆಗೆ ಏರುತ್ತದೆ; ಅಷ್ಟು ಎತ್ತರದಲ್ಲಿ ಎದೆಯ ದನಿಯೊಂದಿಗೆ ತಲೆಯ ದನಿಯನ್ನು ಹದವಾಗಿ ಬೆರೆಸುವ ‘ಮಿಕ್ಸ್’ ಕ್ರಮವೂ ನೆರವಿಗೆ ಬರುತ್ತದೆ, ಮೈಕ್ ಇರುವುದರಿಂದ ಆ ಬೆರಕೆ ಸಭಾಂಗಣದ ಹಿಂದಿನವರೆಗೂ ತಲುಪುತ್ತದೆ. ನೀವೇ ಹಾಡಿ ನೋಡುವುದಾದರೆ, ದೂರದಲ್ಲಿರುವವರನ್ನು ಕರೆಯುವ ದನಿಯಿಂದ ಮಧ್ಯಸ್ಥಾಯಿಯಲ್ಲಿ ಆರಂಭಿಸಿ, ದಿನಕ್ಕೆ ಕೆಲವೇ ನಿಮಿಷ ಸಾಧನೆ ಮಾಡಿ. ಗಂಟಲು ಉರಿದರೆ ಅಥವಾ ದನಿ ಗೊಗ್ಗರಾದರೆ ಆ ದಿನಕ್ಕೆ ನಿಲ್ಲಿಸಿ, ಮೇಲಿನ ಸ್ವರಗಳನ್ನು ಈ ಕ್ರಮ ಬಲ್ಲ ಶಿಕ್ಷಕರ ಎದುರಿನಲ್ಲಷ್ಟೇ ಪ್ರಯತ್ನಿಸಿ.