ಚಿಕ್ಕ ಬಾಡಿಗೆ ಮನೆಯಲ್ಲಿ ಮಕ್ಕಳ ಓದಿಗೆ ಅನುವು ಮಾಡಿಕೊಡುವುದು ಹೇಗೆ

ಮಗುವಿನ ಅಂಕ ಇಳಿದಾಗ ಟ್ಯೂಷನ್‌ಗೆ ಸೇರಿಸೋಣವೇ ಎಂದು ಪೋಷಕರು ಶಿಕ್ಷಕಿಯಾದ ನನ್ನನ್ನು ಕೇಳುತ್ತಾರೆ. ಮಗು ಎಲ್ಲಿ ಮಲಗುತ್ತದೆ, ಎಷ್ಟು ಹೊತ್ತಿಗೆ ಏಳುತ್ತದೆ ಎಂದು ನಾನು ಮೊದಲು ವಿಚಾರಿಸುತ್ತೇನೆ. ಏಳನೆಯ ತರಗತಿಯ ಹುಡುಗಿಯೊಬ್ಬಳು ದಿನ ಬಿಟ್ಟು ದಿನ ಎರಡನೆಯ ಪಿರಿಯಡ್‌ನಲ್ಲೇ ತೂಕಡಿಸುತ್ತಿದ್ದಳು. ಅವರ ವಠಾರಕ್ಕೆ ನೀರು ಬರುತ್ತಿದ್ದುದು ದಿನ ಬಿಟ್ಟು ದಿನ, ಬೆಳಗಿನ ಜಾವ ನಾಲ್ಕಕ್ಕೆ. ತಾಯಿ ಹೂ ತರಲು ಕೆ.ಆರ್. ಮಾರುಕಟ್ಟೆಗೆ ಹೊರಡುವ ಹೊತ್ತೂ ಅದೇ ಆದ್ದರಿಂದ, ಡ್ರಮ್ಮು, ಬಿಂದಿಗೆ ತುಂಬಿಸುವ ಕೆಲಸ ಇವಳ ಪಾಲಿಗೆ ಬಂದಿತ್ತು. ವಠಾರದ ದೊಡ್ಡವರು ಪಾಳಿ ಹಾಕಿಕೊಂಡು ನೀರು ಹಿಡಿಯತೊಡಗಿದ ಮೇಲೆ ತೂಕಡಿಕೆ ನಿಂತಿತು.

ಆರರಿಂದ ಹನ್ನೆರಡು ವರ್ಷದ ಮಕ್ಕಳಿಗೆ 9ರಿಂದ 12 ಗಂಟೆ, ಹದಿಹರೆಯದವರಿಗೆ 8ರಿಂದ 10 ಗಂಟೆ ನಿದ್ರೆ ಬೇಕು. ಆದ್ದರಿಂದ ಮನೆ ಹುಡುಕುವಾಗ ಸಂಪು ಇದೆಯೇ, ನೀರು ಯಾವಾಗ ಬರುತ್ತದೆ ಎಂದು ಮಾಲೀಕರನ್ನಷ್ಟೇ ಅಲ್ಲ, ಪಕ್ಕದ ಮನೆಯವರನ್ನೂ ಕೇಳಿ.

ಮನೆ ನೋಡಲು ಭಾನುವಾರ ಬೆಳಿಗ್ಗೆ ಹೋಗುವ ಬದಲು, ವಾರದ ದಿನ ಸಂಜೆ ಏಳರ ಮೇಲೆ, ಅಂದರೆ ಮಕ್ಕಳು ಓದಲು ಕೂರುವ ವೇಳೆಗೆ ಹೋಗಿ, ಕಿಟಕಿ ತೆರೆದು ಹತ್ತು ನಿಮಿಷ ಸುಮ್ಮನೆ ಕೂತು ನೋಡಿ. ನ್ಯೂಯಾರ್ಕ್‌ನಲ್ಲಿ ಹೆದ್ದಾರಿಯ ಮೇಲೆಯೇ ಕಟ್ಟಿದ ಬಹುಮಹಡಿ ಮನೆಗಳ ಕುರಿತು 1973ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಸದ್ದು ಹೆಚ್ಚಿದ್ದ ಕೆಳ ಅಂತಸ್ತುಗಳ ಮಕ್ಕಳು, ಉಚ್ಚಾರಣೆಯಲ್ಲಿ ಹತ್ತಿರವಿರುವ ಪದಗಳನ್ನು ಕಿವಿಯಿಂದ ಬೇರ್ಪಡಿಸಿ ಗುರುತಿಸುವುದರಲ್ಲೂ ಓದುವುದರಲ್ಲೂ ಮೇಲಿನ ಅಂತಸ್ತುಗಳ ಮಕ್ಕಳಿಗಿಂತ ಹಿಂದುಳಿದಿದ್ದರು. ಮಾಗಡಿ ರಸ್ತೆ, ಹೊಸೂರು ರಸ್ತೆಗಳಂಥ ಕಡೆ ಇರಲೇಬೇಕಾದವರು ಮಗುವಿನ ಹಾಸಿಗೆಯನ್ನೂ ಓದುವ ಜಾಗವನ್ನೂ ರಸ್ತೆಯ ಗೋಡೆಯಿಂದ ಒಳಗೋಡೆಯ ಬದಿಗೆ ಸರಿಸಬೇಕು.

ಒಂದೇ ಕೋಣೆಯ ಮನೆಯಾದರೂ, ಊಟಕ್ಕೆ ಎಲೆ ಹಾಕುವಾಗ ಎತ್ತಿಡಬೇಕಾಗದಂಥ ಒಂದು ಮೂಲೆ ಮಗುವಿಗೆ ಮೀಸಲಾಗಿರಲಿ. ಒಂದು ಚಾಪೆ, ಒಂದು ಮಣೆ ಸಾಕು. ಬಲಗೈಯಲ್ಲಿ ಬರೆಯುವ ಮಗುವಿಗೆ ಎಡಗಡೆಯಿಂದ ಬೆಳಕು ಬೀಳಬೇಕು. 9 ವ್ಯಾಟ್‌ನ ಎಲ್‌ಇಡಿ ಬಲ್ಬು ದಿನಕ್ಕೆ ನಾಲ್ಕು ಗಂಟೆ ಉರಿದರೂ ತಿಂಗಳಿಗೆ ಸುಮಾರು 1 ಯೂನಿಟ್ ವಿದ್ಯುತ್ ಮಾತ್ರ ಖರ್ಚಾಗುತ್ತದೆ. ಏಳರಿಂದ ಎಂಟೂವರೆಯವರೆಗೆ ಟಿ.ವಿ. ಆರಿರಲಿ; ದೊಡ್ಡವರು ಮೊಬೈಲಿನಲ್ಲಿ ನೋಡುವ ಧಾರಾವಾಹಿಗೂ ಇದು ಅನ್ವಯಿಸಬೇಕು.

ಗೋಡೆಯಲ್ಲಿ ಬೂಷ್ಟು ಕಂಡರೆ ಸುಣ್ಣ ಬಳಿದು ಮುಚ್ಚಬೇಡಿ. ಅದರಿಂದ ಉಬ್ಬಸ ಹೆಚ್ಚಿ ಶಾಲೆ ತಪ್ಪುತ್ತದೆ. ಸೆಪ್ಟೆಂಬರ್ ಮಳೆಗೆ ಮೊದಲೇ ಸೋರುವ ಕಡೆ ರಿಪೇರಿ ಮಾಡಿಸಿಕೊಡುವಂತೆ ಮಾಲೀಕರನ್ನು ಒತ್ತಾಯಿಸಿ.

ನನ್ನ ಅನುಭವದಲ್ಲಿ ಎಲ್ಲಕ್ಕಿಂತ ಹೆಚ್ಚು ಪೆಟ್ಟು ಕೊಡುವುದು ವರ್ಷದ ನಡುವೆ ಮನೆ ಬದಲಿಸುವುದು. ನಮ್ಮಲ್ಲಿ ಬಾಡಿಗೆ ಕರಾರು ಸಾಮಾನ್ಯವಾಗಿ 11 ತಿಂಗಳಿನದು. ಜೂನ್ 1ಕ್ಕೆ ಆರಂಭವಾದದ್ದು ಏಪ್ರಿಲ್ 30ಕ್ಕೆ ಮುಗಿಯುವುದರಿಂದ ಬೇಸಿಗೆ ರಜೆಯಲ್ಲಿ ಸಾಮಾನು ಸಾಗಿಸಬಹುದು. ಜನವರಿ 1ರದ್ದು ನವೆಂಬರ್ 30ಕ್ಕೆ ಮುಗಿದು, ಪಾಠಗಳು ಭರದಿಂದ ಸಾಗಿರುವಾಗಲೇ ಮಗುವನ್ನು ಕಿತ್ತು ನೆಟ್ಟಂತಾಗುತ್ತದೆ. ನಡುವೆ ಮನೆ ಹಿಡಿಯುವವರು ಮೊದಲ ಕರಾರನ್ನು ಏಪ್ರಿಲ್ ಕೊನೆಯವರೆಗೆ ಮಾತ್ರ ಬರೆಸುವಂತೆ ಮಾಲೀಕರೊಡನೆ ಮಾತಾಡಿ ನೋಡಬೇಕು. ಬೇರೆ ಶಾಲೆ ಅನಿವಾರ್ಯವಾದರೆ ಇಷ್ಟು ತಿಳಿದಿರಲಿ: ಶಿಕ್ಷಣ ಹಕ್ಕು ಕಾಯ್ದೆ, 2009ರ 5ನೆಯ ಸೆಕ್ಷನ್ ಪ್ರಕಾರ, ಎಂಟನೆಯ ತರಗತಿಯವರೆಗೆ ಸರ್ಕಾರಿ ಅಥವಾ ಅನುದಾನಿತ ಶಾಲೆಗೆ ಹೋಗಬಯಸುವ ಮಗುವಿಗೆ ಮುಖ್ಯೋಪಾಧ್ಯಾಯರು ಕೂಡಲೇ ಟಿ.ಸಿ. ಕೊಡಬೇಕು, ಅದು ತಡವಾಯಿತೆಂದು ಹೊಸ ಶಾಲೆಯವರು ದಾಖಲಾತಿ ನಿರಾಕರಿಸುವಂತಿಲ್ಲ.