ತೊಗರಿ ಗೋದಾಮಿನಲ್ಲಿ ಎಂ.ಐ. ರೂಮ್ (ಸೇನಾ ಘಟಕದ ವೈದ್ಯಕೀಯ ತಪಾಸಣೆ ಕೋಣೆ): ನನ್ನ ಅನುಭವ

ಸೇನಾ ವೈದ್ಯಕೀಯ ದಳಕ್ಕೆ ನರ್ಸಿಂಗ್ ಅಸಿಸ್ಟೆಂಟ್ ಆಗಿ ಹೋಗುವ ಹುಡುಗರನ್ನು ಬರೀ ಓಡಿಸಿ, ಗೈಡ್ ಬಾಯಿಪಾಠ ಮಾಡಿಸಿ ಕಳಿಸಿದರೆ ಸಾಲದು, ಘಟಕದ ದಿನಚರಿಯನ್ನು ಇಲ್ಲೇ ಮೂರು ತಿಂಗಳು ಬದುಕಿಸಬೇಕು ಎಂದು ನಾನು ಹೇಳಿದಾಗ ಯಾರೂ ಒಪ್ಪಲಿಲ್ಲ. ಕಲಬುರಗಿಯಲ್ಲಿ ಭರ್ತಿ ತರಬೇತಿ ನಡೆಸುವವರಿಂದ ಹಿಡಿದು ನನ್ನ ಜೊತೆಯಲ್ಲೇ ದಳದಿಂದ ಪಿಂಚಣಿಗೆ ಬಂದ ಗೆಳೆಯರವರೆಗೆ ಎಲ್ಲರದೂ ಒಂದೇ ಮಾತು: "ಮೊದಲು ಆಯ್ಕೆಯಾಗಲಿ, ಉಳಿದದ್ದನ್ನು ಲಖನೌದ ದಳದ ತರಬೇತಿ ಕೇಂದ್ರದಲ್ಲಿ ಕಲಿಸುತ್ತಾರೆ." ಈಗ ಶಹಾಬಾದ್ ಸುತ್ತಲಿನ ಹಳ್ಳಿಗಳ ನಾಲ್ವರು ಹುಡುಗರು ಲಖನೌದ ತರಬೇತಿ ಮುಗಿಸಿ ವಾರ್ಡ್ ಡ್ಯೂಟಿ ಮಾಡುತ್ತಿದ್ದಾರೆ. ಒಬ್ಬನೂ ನಡುವೆ ವಾಪಸ್ ಬರಲಿಲ್ಲ, ಒಬ್ಬನೂ ಹಿಂದಿನ ಬ್ಯಾಚಿಗೆ ಇಳಿಯಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಪಿಯುಸಿ ವಿಜ್ಞಾನದ ಅಂಕ, ಬೆಳಗಾವಿಯ ಭರ್ತಿ ಕಚೇರಿ, ಆನ್‌ಲೈನ್ ಪರೀಕ್ಷೆ, ಪುಲ್‌ಅಪ್ ಇವೆಲ್ಲ ಇದನ್ನು ಓದುವವರಿಗೆ ಗೊತ್ತಿರುವ ಸಂಗತಿ. ಅವನ್ನು ಬಿಡುತ್ತೇನೆ.

ನಮ್ಮ ಕಡೆಯ ಹುಡುಗರು ಓಟದಲ್ಲಿ ಸೋಲುವುದಿಲ್ಲ. ಎರೆ ಹೊಲದ ಬದುವಿನ ಮೇಲೆ ಓಡಿ ಬೆಳೆದವರಿಗೆ 1.6 ಕಿಲೋಮೀಟರನ್ನು ಐದೂವರೆ ನಿಮಿಷದೊಳಗೆ ಮುಗಿಸುವುದು ದೊಡ್ಡದಲ್ಲ. ಕೆಲವು ವರ್ಷಗಳ ಹಿಂದೆ ಪಕ್ಕದ ಊರಿನ ಒಬ್ಬ ಹುಡುಗ ಓಟದಲ್ಲಿ ಎಲ್ಲರಿಗಿಂತ ಮುಂದೆ ಬಂದು ಆಯ್ಕೆಯಾಗಿ, ಕೆಲವೇ ತಿಂಗಳಲ್ಲಿ ಊರಿಗೆ ಬಂದುಬಿಟ್ಟ. ಅವನನ್ನು ಕೂರಿಸಿಕೊಂಡು ಕೇಳಿದೆ. ಪರೇಡ್ ಕಷ್ಟವಾಗಿರಲಿಲ್ಲ. ಆಸ್ಪತ್ರೆಯ ಪಾಳಿ ಶುರುವಾದ ಮೇಲೆ ಕುಸಿದಿದ್ದ. ರಾತ್ರಿ ಎರಡು ಗಂಟೆಗೆ ಎದ್ದು ಇನ್ನೊಬ್ಬರ ಮಲಮೂತ್ರದ ಪಾತ್ರೆ ಎತ್ತುವುದು, ನಾಲ್ಕು ಗಂಟೆಗೊಮ್ಮೆ ಜ್ವರ, ನಾಡಿ, ಉಸಿರು ಎಣಿಸಿ ಬರೆಯುವುದು, ಬೆಳಿಗ್ಗೆ ಸಿಸ್ಟರ್ ಎದುರು ನಿಂತು ಇಡೀ ವಾರ್ಡಿನ ಲೆಕ್ಕ ಒಪ್ಪಿಸುವುದು. ಮಿಲಿಟರಿ ನರ್ಸಿಂಗ್ ಸೇವೆಯ ಸಿಸ್ಟರ್ ಅಧಿಕಾರಿ, ಅವರಿಗೆ ಸೆಲ್ಯೂಟ್ ಹೊಡೆಯಬೇಕು ಎಂಬುದೂ ಅವನಿಗೆ ಅಲ್ಲಿಗೆ ಹೋಗುವವರೆಗೆ ತಿಳಿದಿರಲಿಲ್ಲ.

ನಾನು ಇಪ್ಪತ್ತರ ವಯಸ್ಸಿನಲ್ಲಿ ಇದನ್ನೆಲ್ಲ ಒದ್ದಾಡಿಯೇ ಕಲಿತವನು. ಬೆಳಿಗ್ಗೆ ಪಿ.ಟಿ., ಕೂಡಲೇ ಸಿಕ್ ರಿಪೋರ್ಟ್‌ಗೆ, ಅಂದರೆ ಕಾಯಿಲೆ ಎಂದು ಹೆಸರು ಬರೆಸಲು ಬಂದವರ ಸಾಲು, ಡ್ರೆಸಿಂಗ್, ಮಧ್ಯಾಹ್ನ ಸ್ಟೋರ್, ಸಂಜೆ ಆಟದ ಮೈದಾನ, ರೋಲ್ ಕಾಲ್, ಆಮೇಲೆ ಪಾಳಿ ಬಿದ್ದರೆ ರಾತ್ರಿಯೆಲ್ಲ ವಾರ್ಡ್. ಇದು ಮೈಗೆ ಹತ್ತಬೇಕಾದ ಲಯ. ಹತ್ತಲು ನನಗೆ ವರ್ಷವೇ ಬೇಕಾಯಿತು. ಈ ಹುಡುಗರಿಗೆ ಅಷ್ಟು ಸಮಯ ಯಾರೂ ಕೊಡುವುದಿಲ್ಲ.

ಜಾಗಕ್ಕೆ ಒಬ್ಬ ಸಾಹುಕಾರರ ತೊಗರಿ ಗೋದಾಮು ಸಿಕ್ಕಿತು. ಮಾಲು ಮಾರಿದ ಮೇಲೆ ಬೇಸಿಗೆಯಲ್ಲಿ ಅದು ಖಾಲಿ. ತಿಂಗಳಿಗೆ ಎರಡೂವರೆ ಸಾವಿರ ಬಾಡಿಗೆ. ಶಹಾಬಾದ್ ಪರಸಿಯ ನೆಲ, ಮೇಲೆಯೂ ಅದೇ ಕಲ್ಲಿನ ಚಪ್ಪಡಿ, ಹಾಗಾಗಿ ಮಧ್ಯರಾತ್ರಿಯವರೆಗೆ ಒಳಗೆ ಧಗೆ. ಬಿ.ಪಿ. ಯಂತ್ರ, ಸ್ಟೆತಾಸ್ಕೋಪ್, ನಾಲ್ಕಾರು ಥರ್ಮಾಮೀಟರ್, ಬ್ಯಾಂಡೇಜ್, ರಿಜಿಸ್ಟರ್ ಎಲ್ಲ ಸೇರಿ ಐದು ಸಾವಿರದ ಮೇಲಾಯಿತು. ಊಟಕ್ಕೆಂದು ಹುಡುಗನಿಂದ ತಿಂಗಳಿಗೆ ಸಾವಿರದ ಐನೂರು ತೆಗೆದುಕೊಂಡೆ, ಕೆಲವರಿಂದ ಅದೂ ಬರಲಿಲ್ಲ. ಮೊದಲ ತಂಡಕ್ಕೆ ನನ್ನ ಪಿಂಚಣಿಯಿಂದ ನಲವತ್ತು ಸಾವಿರದ ಆಸುಪಾಸು ಹೋಯಿತು. ಮನೆಯಲ್ಲಿ ಜಗಳವೇ ಆಯಿತು. ಆ ತಂಡದಲ್ಲಿ ಒಬ್ಬನೂ ಆಯ್ಕೆಯಾಗಲಿಲ್ಲ. ಪಾಳಿಗೆ ಕೊಟ್ಟ ಒತ್ತಿನಲ್ಲಿ ಪರೀಕ್ಷೆಯ ಓದಿಗೆ ಹೊತ್ತು ಸಿಕ್ಕಿರಲಿಲ್ಲ. ಎರಡನೇ ತಂಡದಿಂದ ಮಧ್ಯಾಹ್ನ ಹನ್ನೆರಡರಿಂದ ನಾಲ್ಕು ಬರೀ ಓದು. ಆ ಬಿಸಿಲಿನಲ್ಲಿ ಹೇಗೂ ಹೊರಗೆ ಕಾಲಿಡುವಂತಿಲ್ಲ.

ಇನ್ನು ಪಾಳಿಯ ವಿಷಯ. ಪ್ರತಿ ರಾತ್ರಿ ಇಬ್ಬರು ಎಚ್ಚರವಿರಬೇಕು. ಮಾಳಿಗೆಯ ಮೇಲೆ ಮಲಗಿದ ಉಳಿದವರೇ ರೋಗಿಗಳು. ಹತ್ತು, ಎರಡು, ಆರು ಗಂಟೆಗೆ ಒಬ್ಬೊಬ್ಬರ ನಾಡಿ, ಉಸಿರು, ಜ್ವರ ನೋಡಿ ಚಾರ್ಟಿನಲ್ಲಿ ಬರೆಯಬೇಕು. ಮೊದಲ ವಾರ ಎರಡು ಗಂಟೆಯ ಸಾಲಿನಲ್ಲಿ ಎಲ್ಲರ ನಾಡಿಯೂ 72! ಎಣಿಸದೆ ಬರೆದದ್ದು ಎಂದು ನೋಡಿದ ಕೂಡಲೇ ತಿಳಿಯುತ್ತದೆ. ನಾನು ಬಯ್ಯಲಿಲ್ಲ. ಒಂದು ದಿನ ಒಬ್ಬ ಹುಡುಗನಿಗೆ ಸಂಜೆಯಿಂದ ಮೈ ಬಿಸಿಯಾಗಿತ್ತು, ಚಾರ್ಟಿನಲ್ಲಿ ಅವನದೂ 72. ಬೆಳಿಗ್ಗೆ ಎಲ್ಲರೂ ಸಾಲಾಗಿ ನಿಲ್ಲುವ ಫಾಲಿನ್‌ನಲ್ಲಿ, ಚಾರ್ಟ್ ಬರೆದವನ ಬೆರಳುಗಳನ್ನೇ ಹಿಡಿದು ಜ್ವರದವನ ಮಣಿಕಟ್ಟಿನ ಮೇಲೆ ಇಡಿಸಿ, ಒಂದು ನಿಮಿಷ ಪೂರ್ತಿ ಗಟ್ಟಿಯಾಗಿ ಎಣಿಸಲು ಹೇಳಿದೆ. ತೊಂಬತ್ತು ದಾಟಿದ ಮೇಲೆ ಅವನ ಧ್ವನಿ ಸಣ್ಣದಾಯಿತು. 104ಕ್ಕೆ ನಿಲ್ಲಿಸಿದ. "ಉಸ್ತಾದ್, ಇನ್ನು ಮೇಲೆ ಎಣಿಸುತ್ತೇನೆ" ಎಂದ. ಅಂದಿನಿಂದ ಚಾರ್ಟಿನಲ್ಲಿ 68, 81, 59 ಎಂದು ನಿಜವಾದ ಅಂಕಿಗಳು ಬರತೊಡಗಿದವು. ಹದಿನೈದು ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸಲು ಕೊನೆಯ ತಿಂಗಳವರೆಗೂ ನಾನು ಯಾರನ್ನೂ ಬಿಡುವುದಿಲ್ಲ.

ಪಾಳಿ ಒಪ್ಪಿಸುವಾಗ ಔಷಧಿ ಡಬ್ಬಿಯ ಎಣಿಕೆಯೂ ಸರಿಹೊಂದಬೇಕು. ಡಬ್ಬಿಯಲ್ಲಿ ನಾನು ಇಟ್ಟಿದ್ದು ಪೆಪ್ಪರ್‌ಮಿಂಟ್. ನಡುರಾತ್ರಿ ಸದ್ದಿಲ್ಲದೆ ಹೋಗಿ ಎರಡು ತೆಗೆದಿಡುತ್ತಿದ್ದೆ. ಬೆಳಿಗ್ಗೆ ಸಿಗದೆ ಹುಡುಕಾಡಿ, ಕಡಿಮೆ ಇದೆ ಎಂದು ರಿಜಿಸ್ಟರಿನಲ್ಲಿ ಬರೆದವನು ಪಾಸ್. ತನ್ನ ಜೇಬಿನಿಂದ ಎರಡು ಹಾಕಿ ಲೆಕ್ಕ ಸರಿಮಾಡಿದವನಿಗೆ ಮರುದಿನವೂ ರಾತ್ರಿ ಪಾಳಿ. ಇದರಷ್ಟು ಕೆಲಸಕ್ಕೆ ಬಂದ ಪಾಠ ಬೇರೊಂದಿಲ್ಲ ಎಂದು ಲಖನೌದಿಂದ ಒಬ್ಬ ಹುಡುಗ ಫೋನಿನಲ್ಲಿ ಹೇಳಿದ. ನನಗೆ ಹೆಮ್ಮೆಯಾಯಿತು.

ಬೆಳಿಗ್ಗೆ ಸಿಕ್ ರಿಪೋರ್ಟ್ ಕಡ್ಡಾಯ. ಕಾಲಲ್ಲಿ ಗುಳ್ಳೆ ಎದ್ದಿದ್ದರೂ ಹೆಸರು ಬರೆಸಬೇಕು. ಪಾಳಿಯವನು ನೋಡಿ ತೊಳೆದು ಕಟ್ಟಬೇಕು, ಲೈಟ್ ಡ್ಯೂಟಿ ಕೊಡಬೇಕೋ ಬೇಡವೋ ಎಂದು ನನ್ನೆದುರು ವಾದಿಸಬೇಕು. ನಿಜವಾದ ಕಾಯಿಲೆಯಾದರೆ ನೇರ ಸರಕಾರಿ ಆಸ್ಪತ್ರೆ. ಮನುಷ್ಯರ ಮೈಗೆ ಸೂಜಿ ಚುಚ್ಚಲು ನಾನು ಯಾರನ್ನೂ ಬಿಡುವುದಿಲ್ಲ. ಚುಚ್ಚುವ ಅಭ್ಯಾಸಕ್ಕೆ ಮೋಸಂಬಿ ಸಾಕು.

ಬಿಸಿಲಿನ ಮಾತು ಬೇರೆಯೇ ಹೇಳಬೇಕು. ಮೇ ತಿಂಗಳಲ್ಲಿ ನಮ್ಮಲ್ಲಿ 42, 43 ಡಿಗ್ರಿ ಮಾಮೂಲು. ಮೈ ಗಟ್ಟಿಯಾಗಲಿ ಎಂದು ಮಧ್ಯಾಹ್ನ ಮೂರಕ್ಕೆ ಓಡಿಸುವ ತರಬೇತುದಾರರು ಇದ್ದಾರೆ. ಅದು ಹುಡುಗರ ಜೀವದ ಜೊತೆ ಆಡುವ ಆಟ. ಸೆಕೆಗೆ ಮೈ ಒಗ್ಗಲು ಹತ್ತರಿಂದ ಹದಿನಾಲ್ಕು ದಿನ ಬೇಕು, ಅದನ್ನು ಹೆದರಿಸಿ ಅವಸರ ಮಾಡಿಸಲು ಆಗುವುದಿಲ್ಲ. ರಾಜಸ್ಥಾನದಲ್ಲಿ ಹೀಟ್ ಸ್ಟ್ರೋಕ್ ರೂಮಿನ ಪಾಳಿ ಮಾಡಿದವನು ನಾನು. ಹಗ್ಗದ ಮಂಚ, ತೊಯ್ಸಿದ ಬಟ್ಟೆ, ಎದುರಿಗೆ ಫ್ಯಾನ್, ಪಕ್ಕದಲ್ಲಿ ಐಸು. ಮೊದಲು ತಣ್ಣಗೆ ಮಾಡು, ಆಮೇಲೆ ಸಾಗಿಸು ಎಂಬುದು ಅಲ್ಲಿ ಕಲಿತ ಪಾಠ. ಗೋದಾಮಿನ ಮೂಲೆಯಲ್ಲಿ ಒಂದು ಹೊರಸು, ಗೋಣಿತಟ್ಟು, ಎರಡು ಕೊಡ ನೀರು, ಟೇಬಲ್ ಫ್ಯಾನ್ ಇಟ್ಟು ಅದೇ ಕೋಣೆ ಕಟ್ಟಿದೆ. ಮೈಮೇಲೆ ಒದ್ದೆ ಗೋಣಿ ಹೊದಿಸಿ ನೋಡಿದೆವು, ಕೆಲಸಕ್ಕೆ ಬರಲಿಲ್ಲ. ದಪ್ಪ ಗೋಣಿ ಗಾಳಿಯನ್ನೇ ತಡೆಯುತ್ತದೆ. ತೆಳ್ಳಗಿನ ಹಳೆಯ ಧೋತರ ತೊಯ್ಸಿ ಹೊದಿಸಿ ಫ್ಯಾನ್ ಹಚ್ಚಿದರೆ ಎಷ್ಟೋ ಬೇಗ ತಂಪು. ಗೋಣಿ ಈಗ ಕಿಟಕಿಗೆ.

ಅದೇ ಬೇಸಿಗೆಯಲ್ಲಿ ಇನ್ನೊಂದು ಪ್ರಯೋಗ ಮಾಡಿದೆವು. ಗೋದಾಮಿನ ತೂಕದ ಕಾಟಾ ಅಲ್ಲೇ ಇತ್ತು. ಬೆಳಗಿನ ಒಂದು ಗಂಟೆಯ ನಡಿಗೆ ಮತ್ತು ಓಟಕ್ಕೆ ಮುಂಚೆ, ಆಮೇಲೆ ಪ್ರತಿಯೊಬ್ಬನನ್ನೂ ತೂಗಿದೆವು. ಬರೀ ನೀರು ಕುಡಿದವರು ಸುಮಾರು ಒಂದು ಕಿಲೋ ಇಳಿಯುತ್ತಿದ್ದರು. ಓ.ಆರ್.ಎಸ್. ಕೊಟ್ಟ ಗುಂಪು ಸ್ವಲ್ಪ ಕಡಿಮೆ. ಉಪ್ಪು ಹಾಕಿದ ತೆಳು ಮಜ್ಜಿಗೆಯ ಗುಂಪು ಎಲ್ಲಕ್ಕಿಂತ ಕಡಿಮೆ ಇಳಿಯಿತು. ರುಚಿಯಾಗಿದ್ದುದರಿಂದ ಹೆಚ್ಚು ಕುಡಿದರು, ಅಷ್ಟೇ ಕಾರಣ ಎಂದು ನನ್ನ ಅಂದಾಜು. ಪೊಟ್ಟಣದ ಖರ್ಚೂ ಉಳಿಯಿತು. ಓಟಕ್ಕೆ ಮುಂಚೆ ಜೋಳದ ಅಂಬಲಿ ಕೊಟ್ಟ ದಿನ ಇಬ್ಬರು ವಾಂತಿ ಮಾಡಿಕೊಂಡರು. ಅಂಬಲಿ ಓಟದ ಮೇಲೆಯೇ ಚೆನ್ನ.

ಸ್ಟ್ರೆಚರ್ ಅನ್ನು ಎರಡು ಬಿದಿರು ಗಳ, ಮೂಲೆ ಕತ್ತರಿಸಿದ ಎರಡು ಗೊಬ್ಬರದ ಚೀಲದಿಂದ ಮಾಡಿದೆವು. ರೋಗಿಯ ಬದಲು ಒಂದು ಚೀಲ ತೊಗರಿ, ಅರ್ಧ ಕ್ವಿಂಟಾಲ್. ಪರೇಡಿನಲ್ಲಿ ಎಲ್ಲರ ಹೆಜ್ಜೆ ಒಂದೇ ಆಗಬೇಕು, ಸ್ಟ್ರೆಚರ್ ಹಿಡಿದಾಗ ಮುಂದಿನವರ ಹೆಜ್ಜೆಯೂ ಹಿಂದಿನವರ ಹೆಜ್ಜೆಯೂ ಬೇರೆ ಬೇರೆ ಬೀಳಬೇಕು, ಇಲ್ಲವಾದರೆ ರೋಗಿ ತೂಗಾಡುತ್ತಾನೆ. ಚೀಲದ ಮೇಲೆ ತುಂಬಿದ ತಂಬಿಗೆ ಇಟ್ಟು ಕಲ್ಲಿನ ಗಣಿಯ ದಾರಿಯಲ್ಲಿ ನಡೆಸಿದೆ. ನೀರು ಅರ್ಧವಾದರೂ ಉಳಿದು ಬರುವಷ್ಟರಲ್ಲಿ ತಿಂಗಳು ಕಳೆಯಿತು. ಗಣಿ ಕೆಲಸದವರು ನಿಂತು ನೋಡುತ್ತಿದ್ದರು. ಕೊನೆಗೆ ಅಲ್ಲಿ ಒಬ್ಬರ ಕಾಲ ಮೇಲೆ ಕಲ್ಲು ಬಿದ್ದ ದಿನ ಇದೇ ಹುಡುಗರು ಕಾಲಿಗೆ ದಬ್ಬೆ ಕಟ್ಟಿ, ಅದೇ ಬಿದಿರಿನ ಮೇಲೆ ರಸ್ತೆಯವರೆಗೆ ಹೊತ್ತು ತಂದರು. ಆ ಮೇಲೆ ಊರಿನಲ್ಲಿ ಯಾರೂ ಇದನ್ನು ಮಕ್ಕಳಾಟ ಎನ್ನಲಿಲ್ಲ.

ರಕ್ತ ಕಂಡರೆ ಕಣ್ಣು ಕತ್ತಲೆ ಬರುವ ಹುಡುಗರು ಪ್ರತಿ ತಂಡದಲ್ಲೂ ಇರುತ್ತಾರೆ. ಮಟನ್ ಅಂಗಡಿಯಿಂದ ಕ್ಯಾನಿನಲ್ಲಿ ರಕ್ತ ತಂದು ಪರಸಿಯ ಮೇಲೆ ಚೆಲ್ಲಿ, ಬ್ಲೀಚಿಂಗ್ ದ್ರಾವಣದಿಂದ ಒರೆಸಿ ತೊಳೆಯಿಸುತ್ತೇನೆ. ಅದು ಅರ್ಧ ಭಾಗ. ಇನ್ನರ್ಧ ಏನು ಮಾಡಿಸುತ್ತೇನೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಎದುರಿಗೆ ನಿಂತು ಹುಡುಗನ ಮುಖ ನೋಡುತ್ತ ಮಾಡಿಸಬೇಕಾದದ್ದು ಅದು, ಓದಿ ಮಾಡಿಸಿದರೆ ಕೆಡುತ್ತದೆ. ಪುಲ್‌ಅಪ್ ಆರಕ್ಕೇ ನಿಲ್ಲುವವನನ್ನು ಹತ್ತಕ್ಕೆ ಒಯ್ಯುವ ದಾರಿಯೂ ಒಂದಿದೆ, ಅದೂ ನನ್ನ ಬಳಿಯೇ ಇರಲಿ.

ಹಿಂದಿಗೆ ಹೆಚ್ಚು ಹೇಳುವುದಿಲ್ಲ. ಕಲಬುರಗಿಯ ದಖನಿ ಉರ್ದು ಬಂದರೆ ಅರ್ಧ ಕೆಲಸ ಆಯಿತು. ಸಂಜೆ ಏಳರ ಮೇಲೆ ಕನ್ನಡ ಬಂದ್ ಮಾಡಿ ಉಳಿದರ್ಧ ಕಲಿಸಿದೆ. ಏಪ್ರಿಲ್ 3, ಅಂದರೆ 1943ರಲ್ಲಿ ದಳ ಹುಟ್ಟಿದ ದಿನ, ಅಂದು ಮಾತ್ರ ರಾತ್ರಿಯವರೆಗೆ ಕನ್ನಡ, ಜೊತೆಗೆ ಗೋಧಿ ಹುಗ್ಗಿ. "ಸರ್ವೇ ಸಂತು ನಿರಾಮಯಾಃ" ಎಂದು ದಳದ ಧ್ಯೇಯವಾಕ್ಯವನ್ನು ಹುಡುಗರೇ ಗೋದಾಮಿನ ಗೋಡೆಗೆ ಸುಣ್ಣದಲ್ಲಿ ಬರೆದಿದ್ದಾರೆ. ಸಾಹುಕಾರರು ಅಳಿಸಲು ಹೇಳಿಲ್ಲ.

ನನ್ನಂತೆಯೇ ದಳದಿಂದ ಬಂದವರು ಬೀದರ್‌ನಲ್ಲೋ ಯಾದಗಿರಿಯಲ್ಲೋ ಇದನ್ನು ಶುರುಮಾಡುವುದಾದರೆ ಎಂಟು ಹುಡುಗರಿಗಿಂತ ಹೆಚ್ಚು ಬೇಡ. ಎಂಟಕ್ಕೆ ಪಾಳಿ ಸರಿಯಾಗಿ ಸುತ್ತುತ್ತದೆ, ನಾಲ್ಕು ರಾತ್ರಿಗೊಮ್ಮೆ ಎಚ್ಚರ. ಹಣ ತಂದೆ ತಾಯಿಯಿಂದ ಮೊದಲೇ ತೆಗೆದುಕೊಳ್ಳಿ. ಮೊದಲ ವಾರ ರಾತ್ರಿ ಪಾಳಿ ಇಡಬೇಡಿ, ಬರೀ ನಿದ್ದೆ ಮತ್ತು ಊಟ ಸರಿಮಾಡಿ. ಲಖನೌಗೆ ಹೊರಡುವ ಹುಡುಗನನ್ನು ಕರ್ನಾಟಕ ಎಕ್ಸ್‌ಪ್ರೆಸ್‌ನಲ್ಲಿ ಝಾನ್ಸಿಯವರೆಗೆ ಕಳಿಸಿ ಅಲ್ಲಿ ಗಾಡಿ ಬದಲಿಸಲು ಹೇಳುತ್ತೇನೆ, ಮೂರು ದಿನಕ್ಕಾಗುವಷ್ಟು ಕಟಕ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಸುತ್ತೇನೆ. ನಮ್ಮ ಮುಂದಿನ ತಂಡ ತೊಗರಿ ಮಾರಾಟ ಮುಗಿದು ಗೋದಾಮು ಖಾಲಿಯಾದ ಮೇಲೆ. ಈ ಸಲ ಬಾಡಿಗೆ ಮೂರು ಸಾವಿರ ಎಂದಿದ್ದಾರೆ, ಮಾತಾಡುತ್ತಿದ್ದೇನೆ.