ಬೇಸಿಗೆ ರಿಸರ್ಚ್: ಮೂರು ಅವಕಾಶಗಳಲ್ಲಿ ಒಂದನ್ನು ಆರಿಸಿಕೊಂಡ ಬಗೆ

ನಾವಿರುವುದು ಅಮೆರಿಕದಲ್ಲಿ. ಮಗಳು 11ನೇ ಗ್ರೇಡಿನಲ್ಲಿದ್ದಾಗ, ಬೇಸಿಗೆ ರಜೆಯಲ್ಲಿ ರಿಸರ್ಚ್ ಮಾಡಬೇಕು ಅಂತ ಹಟ ಹಿಡಿದಳು. ಬಯಾಲಜಿ ಅಂದರೆ ಅವಳಿಗೆ ಜೀವ. ಕಾಲೇಜಿನ ಅರ್ಜಿ ಹಾಕುವ ಸಮಯವೂ ಹತ್ತಿರ ಬರುತ್ತಿತ್ತು. ಹುಡುಕಲು ಕೂತಾಗ ಮೊದಲು ಗೊತ್ತಾಗಿದ್ದು, ಇಲ್ಲಿ ‘ಸಮ್ಮರ್ ರಿಸರ್ಚ್’ ಅನ್ನುವ ಒಂದೇ ಹೆಸರಿನ ಕೆಳಗೆ ಏನೇನೋ ಇದೆ ಅನ್ನುವುದು.

ಕೆಲವು ಬಹಳ ಹಳೆಯವು, ಸೀಟು ಸಿಗುವುದು ತುಂಬಾ ಕಷ್ಟ. ಎಂಐಟಿಯಲ್ಲಿ ನಡೆಯುವ ಆರ್‌ಎಸ್‌ಐ (ರಿಸರ್ಚ್ ಸೈನ್ಸ್ ಇನ್‌ಸ್ಟಿಟ್ಯೂಟ್) 1984ರಿಂದ ಇದೆ. ಆರು ವಾರ, ಫೀಸಿಲ್ಲ. ಸಮ್ಮರ್ ಸೈನ್ಸ್ ಪ್ರೋಗ್ರಾಂ ಅದಕ್ಕಿಂತ ಹಳೆಯದು, 1959ರದ್ದು. ಅದರ ಖಗೋಳ ವಿಭಾಗದಲ್ಲಿ ಮಕ್ಕಳೇ ಟೆಲಿಸ್ಕೋಪಿನಿಂದ ಒಂದು ಕ್ಷುದ್ರಗ್ರಹವನ್ನು ಗಮನಿಸಿ ಅದರ ಕಕ್ಷೆ ಲೆಕ್ಕ ಹಾಕುತ್ತಾರೆ. ಮನೆಯ ಆದಾಯ ನೋಡಿ ಫೀಸಿನಲ್ಲಿ ಸಹಾಯ ಮಾಡುತ್ತಾರೆ. ಟೆಕ್ಸಾಸ್ ಟೆಕ್‌ನ ಕ್ಲಾರ್ಕ್ ಸ್ಕಾಲರ್ಸ್‌ಗೆ ತೆಗೆದುಕೊಳ್ಳುವುದೇ 12 ಮಕ್ಕಳನ್ನು. ಇನ್ನೊಂದು ಕಡೆ, ಹೆಸರಾಂತ ಕ್ಯಾಂಪಸ್ಸುಗಳಲ್ಲಿ ಸಾವಿರಾರು ಡಾಲರ್ ಫೀಸಿನ ಎರಡು-ಮೂರು ವಾರದ ಪ್ರೋಗ್ರಾಂಗಳಿವೆ. ದುಡ್ಡು ಕೊಟ್ಟರೆ ಆನ್‌ಲೈನಿನಲ್ಲಿ ಒಬ್ಬ ಮೆಂಟರನ್ನು ಕೊಟ್ಟು, ಕೊನೆಗೊಂದು ಪೇಪರ್ ಬರೆಸುವ ಕಂಪನಿಗಳೂ ಇವೆ. ಇದ್ಯಾವುದೂ ಅಲ್ಲದೆ, ಹತ್ತಿರದ ಯೂನಿವರ್ಸಿಟಿಯ ಪ್ರೊಫೆಸರ್‌ಗೆ ಸೀದಾ ಇಮೇಲ್ ಬರೆದು ಲ್ಯಾಬಿಗೆ ಸೇರುವ ದಾರಿಯೂ ಉಂಟು.

ನಮ್ಮಂಥ ಮನೆಗಳಿಗೆ ಇದೆಲ್ಲಕ್ಕೂ ಮುಂಚೆ ಇನ್ನೊಂದು ಜರಡಿ ಇದೆ: ವೀಸಾ. ಮಗಳು ಎಚ್-4ನಲ್ಲಿದ್ದಾಳೆ, ಅಂದರೆ ಎಚ್-1ಬಿ ವೀಸಾದಲ್ಲಿ ಕೆಲಸ ಮಾಡುವವರ ಕುಟುಂಬಕ್ಕೆ ಕೊಡುವ ವೀಸಾ. ಸ್ಟ್ಯಾನ್‌ಫರ್ಡ್ ಮೆಡಿಸಿನ್‌ನ ಎಸ್‌ಐಎಂಆರ್ ಅನ್ನುವ ಬೇಸಿಗೆ ಪ್ರೋಗ್ರಾಂನಂಥವು ಅಮೆರಿಕದ ಪ್ರಜೆಗಳಿಗೆ ಅಥವಾ ಗ್ರೀನ್ ಕಾರ್ಡ್ ಇರುವವರಿಗೆ ಮಾತ್ರ. ಹುಟ್ಟಿದ್ದು ಬಿಟ್ಟರೆ ಬೆಳೆದಿದ್ದೆಲ್ಲ ಇಲ್ಲೇ ಆದ ಮಗುವಿಗೆ ಇದನ್ನು ಹೇಳುವುದು ಸುಲಭ ಅಲ್ಲ. ಎಚ್-4 ಮಕ್ಕಳು ಸಂಬಳದ ಕೆಲಸವನ್ನೂ ಮಾಡುವಂತಿಲ್ಲ. ಹಾಗಾಗಿ ಸ್ಟೈಪೆಂಡ್ ಕೊಡುವ ಕಡೆ ಅರ್ಜಿ ಹಾಕುವ ಮೊದಲೇ ಕೇಳಿಕೊಳ್ಳಬೇಕು. ಸಂಬಳವಿಲ್ಲದೆ ಲ್ಯಾಬಿಗೆ ಸೇರುವುದಾದರೂ ಆ ಯೂನಿವರ್ಸಿಟಿಯ ಇಂಟರ್‌ನ್ಯಾಷನಲ್ ಆಫೀಸಿನಿಂದ ಬರವಣಿಗೆಯಲ್ಲಿ ಉತ್ತರ ತೆಗೆದುಕೊಳ್ಳಿ. ನಾವು ಹಾಗೇ ಮಾಡಿದೆವು.

ಅರ್ಜಿಗಳ ಗಡುವು ಹೆಚ್ಚಾಗಿ ಡಿಸೆಂಬರ್‌ನಿಂದ ಮಾರ್ಚ್ ಒಳಗೆ ಇರುತ್ತದೆ. ವಸಂತದ ಹೊತ್ತಿಗೆ ಮಗಳ ಕೈಯಲ್ಲಿ ಮೂರು ಅವಕಾಶ ಇದ್ದವು. ಒಂದು, ದೊಡ್ಡ ಹೆಸರಿನ ಕ್ಯಾಂಪಸ್ಸಿನಲ್ಲಿ ಎರಡು ವಾರ, ಫೀಸು ಜಾಸ್ತಿ. ಎರಡನೆಯದು ಅಲ್ಲೇ ಉಳಿದು ಕಲಿಯುವ ಐದು ವಾರದ ಪ್ರೋಗ್ರಾಂ, ಸಹಾಯಧನದ ಜೊತೆ. ಮೂರನೆಯದು ಮನೆಯಿಂದ ಓಡಾಡುವಷ್ಟು ಹತ್ತಿರದ ಸ್ಟೇಟ್ ಯೂನಿವರ್ಸಿಟಿಯ ಲ್ಯಾಬು. ಅಲ್ಲಿ ಗಿಡದ ಬೇರಿನ ಸುತ್ತ ಬದುಕುವ ಬ್ಯಾಕ್ಟೀರಿಯಾಗಳ ಅಧ್ಯಯನ ನಡೆಯುತ್ತದೆ.

ಅವಳಪ್ಪನ ಮನಸ್ಸು ಮೊದಲನೆಯದರ ಕಡೆ ಇತ್ತು. ಅಂಥ ಹೆಸರು ಅರ್ಜಿಯಲ್ಲಿ ಇದ್ದರೆ ಒಳ್ಳೆಯದಲ್ವಾ ಅನ್ನುವುದು ಅವರ ಮಾತು. ಆದರೆ ಒಂದು ಕ್ಯಾಂಪಸ್ಸಿನಲ್ಲಿ ಪ್ರೋಗ್ರಾಂ ನಡೆಯುವುದಕ್ಕೂ ಆ ಕಾಲೇಜಿನ ಅಡ್ಮಿಷನ್ ಆಫೀಸಿಗೂ ಸಂಬಂಧ ಇರಲೇಬೇಕು ಅಂತಿಲ್ಲ. ಫೀಸು ಕಟ್ಟಿದವರಲ್ಲಿ ಹೆಚ್ಚಿನವರಿಗೆ ಸೀಟು ಸಿಗುವ ಕಡೆಯಿಂದ ಬಂದ ಸರ್ಟಿಫಿಕೇಟ್ ಏನನ್ನು ತೋರಿಸುತ್ತದೆ ಅನ್ನುವುದು ಅರ್ಜಿ ಓದುವವರಿಗೂ ಗೊತ್ತು. ಹಲವು ಕಾಲೇಜುಗಳಿಗೆ ಒಟ್ಟಿಗೆ ಅರ್ಜಿ ಹಾಕುವ ಕಾಮನ್ ಆ್ಯಪ್‌ನಲ್ಲಿ ಒಂದು ಚಟುವಟಿಕೆಯ ವಿವರಣೆಗೆ ಸಿಗುವುದು 150 ಅಕ್ಷರ. ಅಷ್ಟರಲ್ಲಿ ಮಗು ತಾನು ಮಾಡಿದ ಕೆಲಸವನ್ನೇ ಬರೆಯಬೇಕು.

ಹಾಗಾಗಿ ಮೂರೂ ಕಡೆಗೆ ಒಂದೇ ಪ್ರಶ್ನೆ ಕಳಿಸಿ ಅಂದೆ. ಇಮೇಲ್ ಬರೆದಿದ್ದು ಮಗಳೇ. ಅಪ್ಪ ಅಮ್ಮ ಬರೆದರೆ ಉತ್ತರದ ಧಾಟಿಯೇ ಬದಲಾಗುತ್ತದೆ. ಪ್ರಶ್ನೆ ಇಷ್ಟೇ: ಕಳೆದ ವರ್ಷ ಬಂದ ಹೈಸ್ಕೂಲ್ ವಿದ್ಯಾರ್ಥಿ ಒಂದು ಮಾಮೂಲಿ ದಿನ ಬೆಳಗ್ಗೆಯಿಂದ ಸಂಜೆವರೆಗೆ ಏನು ಮಾಡುತ್ತಿದ್ದ? ಪಕ್ಕದಲ್ಲಿ ಯಾರು ಇರುತ್ತಿದ್ದರು?

ಮೊದಲನೆಯ ಕಡೆಯಿಂದ ಬಂದಿದ್ದು ವೇಳಾಪಟ್ಟಿ. ಬೆಳಗ್ಗೆ ಉಪನ್ಯಾಸ, ಮಧ್ಯಾಹ್ನ ಲ್ಯಾಬ್ ನೋಡುವುದು, ಕೊನೆಯ ದಿನ ಪೋಸ್ಟರ್. ಒಂದು ವಿಷಯ ಇಷ್ಟವೋ ಇಲ್ಲವೋ ಅಂತ ನೋಡಬೇಕಾದ ಒಂಬತ್ತನೇ ಗ್ರೇಡಿನ ಮಗುವಿಗೆ ಅದು ಚೆನ್ನಾಗಿರಬಹುದು. ಇವಳು ಆ ಹಂತ ದಾಟಿದ್ದಳು.

ನಿಜವಾದ ಪೈಪೋಟಿ ಉಳಿದ ಎರಡರ ನಡುವೆ. ಐದು ವಾರದ ಪ್ರೋಗ್ರಾಂನಲ್ಲಿ ಓದಿದ್ದ ಇಬ್ಬರ ಜೊತೆ ಮಗಳು ಮಾತಾಡಿದಳು. ಚಿಕ್ಕ ಚಿಕ್ಕ ತಂಡ, ರಾತ್ರಿಯವರೆಗೂ ಲೆಕ್ಕ, ಜೊತೆಗೆ ತಮ್ಮ ಹಾಗೇ ಆಸಕ್ತಿ ಇರುವ ಗೆಳೆಯರು. ಇಬ್ಬರೂ ಪಾಠಕ್ಕಿಂತ ಜಾಸ್ತಿ ಹೊಗಳಿದ್ದು ಗೆಳೆಯರನ್ನು. ಸ್ಕೂಲಿನಲ್ಲಿ ವಿಜ್ಞಾನದ ಬಗ್ಗೆ ಮಾತಾಡಲು ಯಾರೂ ಸಿಗದ ಮಗು ಆಗಿದ್ದರೆ ನಾನು ಎರಡನೇ ಮಾತಿಲ್ಲದೆ ಅಲ್ಲಿಗೇ ಕಳಿಸುತ್ತಿದ್ದೆ.

ಲ್ಯಾಬಿನಿಂದ ಉತ್ತರ ಬರೆದಿದ್ದು ಪ್ರೊಫೆಸರ್ ಅಲ್ಲ, ಅಲ್ಲಿನ ಪಿಎಚ್‌ಡಿ ವಿದ್ಯಾರ್ಥಿನಿ. ಮೊದಲ ವಾರಗಳಲ್ಲಿ ಸೇಫ್ಟಿ ಟ್ರೇನಿಂಗ್, ಬ್ಯಾಕ್ಟೀರಿಯಾ ಬೆಳೆಸುವ ಅಗರ್ ಪ್ಲೇಟ್ ಮಾಡುವುದು, ಪಾತ್ರೆ ತೊಳೆಯುವುದು. ಆಮೇಲೆ ಮಣ್ಣಿನಿಂದ ಬೆಳೆಸಿದ ಬ್ಯಾಕ್ಟೀರಿಯಾಗಳ ಒಂದು ಗುಂಪು ನಿನ್ನದು. ಬ್ಯಾಕ್ಟೀರಿಯಾ ಗುರುತಿಸಲು ಬಳಸುವ ಅವುಗಳ 16ಎಸ್ ಜೀನನ್ನು ಪಿಸಿಆರ್ ಮಾಡಿ (ಅಂದರೆ ಅದರ ಬಹಳಷ್ಟು ಪ್ರತಿ ಮಾಡಿ), ಡಿಎನ್‌ಎ ಸಾಲು ಓದುವ ಸೀಕ್ವೆನ್ಸಿಂಗಿಗೆ ಕಳಿಸಿ, ಯಾವ ಜಾತಿ ಅಂತ ಗುರುತಿಸಬೇಕು. ಪಿಸಿಆರ್ ಎಷ್ಟೋ ಸಲ ಕೈಕೊಡುತ್ತದೆ, ಆಗ ಯಾಕೆ ಅಂತ ಇಬ್ಬರೂ ಕೂತು ನೋಡೋಣ. ಹೀಗಿತ್ತು ಆ ಉತ್ತರ. ನನಗೆ ಇದನ್ನು ಓದಿದ ಕೂಡಲೇ ಸಮಾಧಾನ ಆಯಿತು. ಕೆಲಸ ಕೆಡುವ ದಿನಕ್ಕೂ ಯೋಜನೆ ಇಟ್ಟುಕೊಂಡವರು ಮಗುವನ್ನು ಸುಮ್ನೆ ಕೂರಿಸುವುದಿಲ್ಲ. ಪ್ರೊಫೆಸರ್ ಎಷ್ಟೇ ದೊಡ್ಡವರಿರಲಿ, ದಿನಾ ಪಕ್ಕದಲ್ಲಿ ನಿಂತು ಪಿಪೆಟ್ ಹಿಡಿಯಲು ಕಲಿಸುವವರು ಇಂಥವರೇ. ಅವರು ಬೇಸಿಗೆಯಲ್ಲಿ ಊರಲ್ಲಿರುತ್ತಾರಾ ಅಂತಲೂ ಕೇಳಿ. ಮೆಂಟರ್ ರಜೆಗೆ ಹೋಗಿ ಮಗು ಖಾಲಿ ಕೂತ ಕಥೆಗಳನ್ನು ಪರಿಚಯದವರಿಂದ ಕೇಳಿದ್ದೇನೆ.

ಮಗಳು ಲ್ಯಾಬನ್ನು ಆರಿಸಿದಳು. ಅವಳು ಕೊಟ್ಟ ಕಾರಣ, ಸ್ಕೂಲು ಶುರುವಾದ ಮೇಲೂ ಶನಿವಾರ ಹೋಗಿ ಅದೇ ಕೆಲಸ ಮುಂದುವರಿಸಬಹುದು ಅನ್ನುವುದು. ಇನ್ನೊಂದು ಲೆಕ್ಕವೂ ಇತ್ತು. ರೀಜೆನೆರಾನ್ ಸೈನ್ಸ್ ಟ್ಯಾಲೆಂಟ್ ಸರ್ಚ್ ಅನ್ನುವ ರಿಸರ್ಚ್ ಸ್ಪರ್ಧೆಗೆ 12ನೇ ಗ್ರೇಡಿನವರು ನವೆಂಬರ್‌ನಲ್ಲಿ ಅರ್ಜಿ ಹಾಕಬೇಕು, ಮತ್ತು ಅದಕ್ಕೆ ತಂಡದ ಕೆಲಸ ನಡೆಯುವುದಿಲ್ಲ, ಒಬ್ಬರದೇ ಆಗಿರಬೇಕು. ಸೈನ್ಸ್ ಫೇರ್ ಯೋಚನೆ ಇರುವವರು ಗಮನಿಸಿ: ಐಸೆಫ್ (ಹೈಸ್ಕೂಲ್ ಮಕ್ಕಳ ಅಂತರರಾಷ್ಟ್ರೀಯ ಸೈನ್ಸ್ ಫೇರ್) ನಿಯಮದ ಪ್ರಕಾರ ಮನುಷ್ಯರನ್ನು, ಬೆನ್ನೆಲುಬಿರುವ ಪ್ರಾಣಿಗಳನ್ನು ಅಥವಾ ಇಂಥ ಮಣ್ಣಿನ ಬ್ಯಾಕ್ಟೀರಿಯಾಗಳನ್ನು ಇಟ್ಟುಕೊಂಡು ಮಾಡುವ ಪ್ರಯೋಗಕ್ಕೆ ಮೊದಲೇ ಅನುಮತಿ ಬೇಕು. ಬೇಸಿಗೆ ಮುಗಿದ ಮೇಲೆ ಹೋಗಿ ಕೇಳಿದರೆ ಆಗುವುದಿಲ್ಲ. ಮೇ ತಿಂಗಳಲ್ಲೇ ಸ್ಕೂಲಿನ ಟೀಚರ್ ಹತ್ತಿರ ಕೂತು ಫಾರಂ ತುಂಬಿಸಿದೆವು.

18 ತುಂಬದವರನ್ನು ಲ್ಯಾಬಿಗೆ ಬಿಡಲು ಯೂನಿವರ್ಸಿಟಿಗಳಿಗೆ ತಮ್ಮದೇ ನಿಯಮಗಳಿರುತ್ತವೆ. ಪೋಷಕರ ಸಹಿ, ಟ್ರೇನಿಂಗ್, ಒಬ್ಬರೇ ಇರಬಾರದು ಅನ್ನುವ ಷರತ್ತು. ಇದಕ್ಕೆ ವಾರಗಳೇ ಹಿಡಿಯಬಹುದು, ಜೂನ್‌ವರೆಗೆ ಕಾಯಬೇಡಿ.

ಉಳಿದ ಎರಡು ಕಡೆಗೂ ಮಗಳು ಅವತ್ತೇ ಬರೆದು ತಿಳಿಸಿದಳು. ವೇಟ್‌ಲಿಸ್ಟಿನಲ್ಲಿ ಇನ್ನೊಂದು ಮಗು ಕಾಯುತ್ತಿರುತ್ತದೆ, ತಡ ಮಾಡಬಾರದು. ಮುಂಗಡ ಕಟ್ಟಿ ಅಂತ ಯಾರಾದರೂ ಅವಸರ ಮಾಡಿದರೆ, ಇನ್ನೊಂದು ಕಡೆಯ ಉತ್ತರ ಬರಬೇಕಿದೆ, ಸ್ವಲ್ಪ ದಿನ ಕೊಡಿ ಅಂತ ನೇರವಾಗಿ ಕೇಳಲು ಹಿಂಜರಿಯಬೇಡಿ. ನಾವು ಕೇಳಿದಾಗ ಕೊಟ್ಟರು.